ಓದುಗರು ಕೇಳಿದ್ದು: ಮ್ಯಾಪಲ್ಲಿ ಸೊಳ್ಳೆ ಸಿಗುತ್ತಾ?

ಪ್ರಶ್ನೆ: ನಮ್ದು ದಾವಣಗೆರೆ ನಿಟ್ಟುವಳ್ಳಿ. ಒಂದೇ ತಿಂಗಳಲ್ಲಿ ನಮ್ ಬೀದೀಲಿ ನಾಕ್ ಜನಕ್ಕೆ ಡೆಂಗಿ. ನಮ್ ಹುಡುಗ ಜ್ವರ ಬಂದ ಮನೆಗೆಲ್ಲ ಫೋನಿನ ಮ್ಯಾಪಲ್ಲಿ ಕೆಂಪು ಚುಕ್ಕಿ ಇಡ್ತಾ ಕೂತವ್ನೆ. ಇದ್ರಿಂದ ಏನಾದ್ರೂ ಉಪಯೋಗ ಐತಾ?

ಉತ್ತರ: ಐತೆ, ಬೈಬ್ಯಾಡ್ರಿ ಅವನಿಗೆ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನೋ ಡಾಕ್ಟ್ರು ಸತ್ತ ಒಬ್ಬೊಬ್ಬರಿಗೂ ಅವರ ಮನೆ ಜಾಗದಲ್ಲಿ ಒಂದೊಂದು ಕಪ್ಪು ಗೆರೆ ಹಾಕಿ ಮ್ಯಾಪ್ ಮಾಡಿದ್ರು, ಆದ್ರೆ ಅವರು ಬರೀ ಮನೆ ಗುರುತು ಮಾಡ್ಲಿಲ್ಲ, ನೀರಿನ ಪಂಪುಗಳನ್ನೂ ಮಾಡಿದ್ರು, ಅದಕ್ಕೇ ಗೆರೆಗಳೆಲ್ಲ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಗುಂಪಾಗಿರೋದು ಕಾಣ್ತು. ನಿಮ್ಮ ಹುಡುಗನ ಮ್ಯಾಪಲ್ಲಿ ಪಂಪು ಎಲ್ಲೈತೆ? ಜ್ವರ ಎಲ್ಲಿ ಅನ್ನೋದಷ್ಟೇ ಐತೆ, ನೀರು ಎಲ್ಲಿ ನಿಂತೈತೆ ಅನ್ನೋದಿಲ್ಲ.

ಡೆಂಗಿ ಸೊಳ್ಳೆ ದೂರ ಹಾರಲ್ಲ, ಹೆಚ್ಚಂದ್ರೆ ಕೆಲವು ನೂರು ಮೀಟರ್. ಮೊಟ್ಟೆಯಿಂದ ಸೊಳ್ಳೆ ಆಗಕ್ಕೆ ವಾರ, ಹತ್ತು ದಿನ ಸಾಕು. ಹಂಗಾಗಿ ಚುಕ್ಕಿ ಸುತ್ತ ಡ್ರಮ್ಮು, ಸಂಪು, ಕೂಲರ್ ಟ್ರೇ, ಹಳೇ ಟೈರು ಹುಡುಕಿ ನೀಲಿ ಗುರುತು ಹಾಕ್ಲಿ. ಸ್ಯಾಟಲೈಟಿಗೆ ಇವು ಕಾಣಲ್ಲ, ಕಾಲಲ್ಲಿ ನಡ್ಕೊಂಡೇ ಹೋಗ್ಬೇಕು. ನಮ್ಮ ಬೀದೀಲಿ ಹೋದ ಮಳೆಗಾಲ ನಾವೂ ಹಿಂಗೇ ಹುಡುಕಿದ್ವಿ, ಎಲ್ರೂ ಚರಂಡಿ ಚರಂಡಿ ಅಂತಿದ್ರು, ಕೊನೆಗೆ ಸಿಕ್ಕಿದ್ದು ಒಬ್ಬರ ತಾರಸಿ ಮೂಲೇಲಿ, ಅಜ್ಜಿ ಕಾಲದ ಒರಳುಕಲ್ಲಲ್ಲಿ. ಟಾರ್ಚ್ ಬಿಟ್ರೆ ನೀರಲ್ಲಿ ಸೊಳ್ಳೆ ಮರಿಹುಳ ಕುಣೀತಾ ಇದ್ವು. ನೀರು ಚೆಲ್ಲಿದ್ರೆ ಸಾಲಲ್ಲ, ಉಜ್ಜಬೇಕು, ಒಣಗಿದ ಅಂಚಲ್ಲಿ ಮೊಟ್ಟೆ ತಿಂಗಳುಗಟ್ಲೆ ಬದುಕಿರ್ತಾವೆ.

ಇನ್ನೊಂದು, ಈ ಸೊಳ್ಳೆ ಕಚ್ಚೋದು ಹಗಲಲ್ಲಿ. ನಾಕು ಚುಕ್ಕೀಲಿ ಮೂರು ಒಂದೇ ಸ್ಕೂಲ್ ಮಕ್ಕಳದಾದ್ರೆ ತಪ್ಪು ನಿಮ್ ಬೀದೀದಲ್ದೇ ಸ್ಕೂಲಿಂದಿರಬಹುದು. ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಬರುತ್ತೆ, ಹಂಗಾಗಿ ಜ್ವರ ಶುರುವಾದ ತಾರೀಖು, ಅದಕ್ಕೂ ಹಿಂದಿನ ಹತ್ತು ದಿನ ಹಗಲೊತ್ತು ಎಲ್ಲಿದ್ರು ಅನ್ನೋದೂ ಬರ್ಕೊಳ್ಳಿ. ಹೆಸರು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕ್ಬ್ಯಾಡ್ರಿ, ಜ್ವರ ಬಂದೋರ ಮನೆ ಅಂತ ಹೋಗೋರು ಬರೋರೆಲ್ಲ ಬೆರಳು ತೋರ್ಸಕ್ಕೆ ಶುರು ಮಾಡ್ತಾರೆ.

ಪ್ರಶ್ನೆ: ಮಂಡಕ್ಕಿ ಭಟ್ಟಿ ಹತ್ರ ನಮ್ಮನೆ. ಆ್ಯಪಲ್ಲಿ ಗಾಳಿ ಹಸಿರು, ಅಂದ್ರೆ ಚೆನ್ನಾಗೈತೆ ಅಂತ, ತಾರಸಿ ಮೇಲಿನ ಬಟ್ಟೆ ಮೇಲೆ ಮಸಿ. ಯಾವುದನ್ನ ನಂಬೋದು?

ಉತ್ತರ: ಬಟ್ಟೇನ. ಗಾಳಿ ಅಳೆಯೋ ಮಾಪನ ಕೇಂದ್ರ ತನ್ನ ಸುತ್ತಲಿನ ಗಾಳಿ ಹೇಳುತ್ತೆ, ಮಧ್ಯದ ಜಾಗಕ್ಕೆ ಆ್ಯಪು ಅಂದಾಜಿನ ಬಣ್ಣ ತುಂಬುತ್ತೆ, ನಿಮ್ಮ ಗಲ್ಲಿ ಹೊಗೆ ಆ ಅಂದಾಜಲ್ಲಿ ಇರಲ್ಲ. ಗಾಳಿ ಕೆಟ್ಟಿರೋ ಊರುಗಳಿಗಂತ ಮಾಡಿದ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಮ್ಮ ದಾವಣಗೆರೆನೂ ಐತೆ, ಸುಮ್ನೆ ಸೇರ್ಸಿಲ್ಲ. ಪಾಲಿಕೆ ಸದಸ್ಯರ ಹತ್ರ ಬಾಯ್ಮಾತಲ್ಲಿ ಹೋದ್ರೆ ಟೀ ಕುಡಿಸಿ ಕಳಿಸ್ತಾರೆ. ಹದಿನೈದು ದಿನ ಮಸಿ ಬಿದ್ದ ಹೊತ್ತು, ಗಾಳಿ ಬೀಸಿದ ದಿಕ್ಕು ಬರೆದು, ಅಕ್ಕಪಕ್ಕದ ಐದಾರು ಮನೇರಿಂದಲೂ ಬರೆಸಿ, ಎಲ್ಲಾನೂ ಒಂದೇ ಮ್ಯಾಪಿಗೆ ಹಾಕಿ ಪ್ರಿಂಟ್ ತಗೊಂಡು ಹೋಗಿ. ಮಸಿ ಬಿದ್ದ ಬಿಳಿ ಪಂಚೆ ಇದ್ರೆ ಅದನ್ನೂ ತಗೊಂಡು ಹೋಗಿ, ಒಗೀಬ್ಯಾಡ್ರಿ.