ಕೊಳಚೆ ಸೇರಿದರೆ ಸಮುದ್ರದ ಮೇಲ್ನೀರಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಆಗುತ್ತವಾ, ಕಡಿಮೆ ಆಗುತ್ತವಾ?

ತಲೆ ಎಣಿಸಿದರೆ ಸಾಮಾನ್ಯವಾಗಿ ಜಾಸ್ತಿ. ಯಾರು ಉಳಿದರು, ಯಾರು ಹೋದರು ಅಂತ ನೋಡಿದರೆ ಕಥೆ ಬೇರೆ.

ನಾನು ಗಂಗಾವತಿಯಲ್ಲಿ ಡಿಗ್ರಿ ಮಕ್ಕಳಿಗೆ ಮೈಕ್ರೊಬಯಾಲಜಿ ಹೇಳಿಕೊಡುತ್ತೇನೆ. ಸಮುದ್ರ ನಮಗೆ ದೂರ. ಆದರೆ ಇಲ್ಲಿನ ಭತ್ತದ ಗದ್ದೆಗೆ ಹಾಕಿದ ಯೂರಿಯಾದಲ್ಲಿ ಬೆಳೆಗೆ ಸಿಗದ ಒಂದಿಷ್ಟು ತುಂಗಭದ್ರೆಗೆ ಇಳಿಯುತ್ತದೆ. ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ನಾವೂ ಪಾಲುದಾರರೇ ಅಲ್ವಾ?

ಸಮುದ್ರದ ಮೇಲ್ನೀರು ಒಂದು ಮಿಲಿಲೀಟರ್ ತಗೊಂಡರೂ ಅದರಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅದರಲ್ಲಿ ದೊಡ್ಡ ಪಾಲು ಸಾರ್-11 ಅನ್ನುವ ಗುಂಪಿನದು. 1990ರಲ್ಲಿ ಅಟ್ಲಾಂಟಿಕ್ ಸಾಗರದ ಭಾಗವಾದ ಸರ್ಗಾಸೊ ಸಮುದ್ರದ ನೀರಿನಲ್ಲಿದ್ದ ಜೀನ್ ನೋಡಿ ಇದನ್ನು ಪತ್ತೆ ಮಾಡಿದರು. ಲ್ಯಾಬಿನಲ್ಲಿ ಬೆಳೆಸಿದ್ದು 2002ರಲ್ಲಿ. ಇವು ಅರೆಹೊಟ್ಟೆಗೆ ಒಗ್ಗಿದ ಜೀವಿಗಳು, ಬೆಳೆಯುವುದೂ ನಿಧಾನ. ಕೊಳಚೆ ಜೊತೆ ಸಾರಜನಕ, ರಂಜಕ, ಕೊಳೆಯುವ ಕಸ ಬಂತೆಂದರೆ ವಿಬ್ರಿಯೊ (ಕಾಲರಾ ತರುವ ಬ್ಯಾಕ್ಟೀರಿಯಾದ ಕುಲ) ಥರದ ಚುರುಕಿನವು ಗಬಗಬ ತಿಂದು ಹೆಚ್ಚುತ್ತವೆ. ಪಾಚಿಯೂ ಹಬ್ಬುತ್ತದೆ. ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಇಳಿಯುತ್ತದೆ, ಆಗ ಮತ್ತಷ್ಟು ಜಾತಿಗಳು ಜಾಗ ಖಾಲಿ ಮಾಡುತ್ತವೆ.

ಎಣ್ಣೆ ಚೆಲ್ಲಿದಾಗ ಇದು ಎದ್ದು ಕಾಣುತ್ತದೆ. ಅಲ್ಕನಿವೊರಾಕ್ಸ್ ಅನ್ನುವ ಬ್ಯಾಕ್ಟೀರಿಯಾ ಎಣ್ಣೆ ಬೀಳದ ಸಮುದ್ರದ ನೀರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎಣ್ಣೆ ಬಿದ್ದರೆ ಅದರದ್ದೇ ದರ್ಬಾರು. ವೈವಿಧ್ಯ ಕುಸಿಯುತ್ತದೆ ನಿಜ, ಆದರೆ ಎಣ್ಣೆಯನ್ನು ತಿಂದು ಕರಗಿಸುವುದೂ ಅದೇ. ಹಾಗಾಗಿ ವೈವಿಧ್ಯ ಇಳಿದದ್ದೆಲ್ಲ ಕೆಡುಕು ಅಂತ ನಾನು ಹೇಳುವುದಿಲ್ಲ.

ಉಲ್ಟಾ ಕೂಡ ಆಗುತ್ತದೆ. ಚರಂಡಿ ಸೇರುವ ದಡದಲ್ಲಿ ಮನುಷ್ಯರ ಕರುಳಿನ ಬ್ಯಾಕ್ಟೀರಿಯಾ ಬಂದು ಸೇರಿ ಜಾತಿಗಳ ಲೆಕ್ಕ ಏರಬಹುದು. ಅದನ್ನು ನೋಡಿ ಸಮುದ್ರ ಚೆನ್ನಾಗಿದೆ ಅಂದುಕೊಳ್ಳುವ ಹಾಗಿಲ್ಲ.

ಲೋಹಗಳದ್ದು ಇನ್ನೊಂದು ಥರ. ತಾಮ್ರ ಸ್ವಲ್ಪ ಹೆಚ್ಚಾದರೂ ಪ್ರೊಕ್ಲೊರೊಕಾಕಸ್ ತಡೆದುಕೊಳ್ಳುವುದಿಲ್ಲ. ಬಿಸಿಲಿನಿಂದ ಆಹಾರ ಮಾಡಿಕೊಂಡು ಆಮ್ಲಜನಕ ಬಿಡುವ ಜೀವಿ ಅದು.

ನೀವು ಪ್ರಾಜೆಕ್ಟಿಗೆ ಕೇಳುತ್ತಿದ್ದರೆ ಒಂದು ಮಾತು. ನಮ್ಮ ಲ್ಯಾಬಿನಲ್ಲಿ ಕಾಲುವೆ ನೀರನ್ನು ಮ್ಯಾಕಾಂಕಿ ಅಗರ್ (ಕರುಳಿನ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಆಹಾರ) ಹಾಕಿದ ಪ್ಲೇಟಿನ ಮೇಲೆ ಸವರಿ ಇಟ್ಟರೆ ಮರುದಿನ ಗುಲಾಬಿ ಚುಕ್ಕೆಗಳು ಏಳುತ್ತವೆ. "ಇಷ್ಟೇನಾ ಸರ್?" ಅಂತ ಮಕ್ಕಳು ಕೇಳುತ್ತಾರೆ. ಅವು ಕೊಳಚೆಯ ಸುಳಿವು ಅಷ್ಟೇ. ಸಮುದ್ರದ ಬ್ಯಾಕ್ಟೀರಿಯಾದಲ್ಲಂತೂ ನೂರಕ್ಕೆ ಒಂದು ಪ್ಲೇಟಿನಲ್ಲಿ ಬೆಳೆದರೆ ದೊಡ್ಡದು. ವೈವಿಧ್ಯ ಅಳೆಯಬೇಕಾದರೆ ನೀರು ಸೋಸಿ, ಡಿಎನ್‌ಎ ತೆಗೆದು, 16ಎಸ್ ಜೀನ್ (ಎಲ್ಲಾ ಬ್ಯಾಕ್ಟೀರಿಯಾದಲ್ಲೂ ಇದ್ದು, ಯಾವುದು ಯಾವ ಗುಂಪು ಅಂತ ಗುರುತಿಸಲು ಬಳಸುವ ಜೀನ್) ಸೀಕ್ವೆನ್ಸಿಂಗ್, ಅಂದರೆ ಅದರ ಅಕ್ಷರಗಳ ಸಾಲನ್ನು ಓದಿಸುವ ಕೆಲಸ, ಮಾಡಿಸಿ. ಕೊಳಚೆ ಬೀಳದ ಜಾಗದ ನೀರನ್ನೂ ಅದೇ ದಿನ ತೆಗೆದಿಡಿ, ಇಲ್ಲದಿದ್ದರೆ ಹೋಲಿಸೋಕೆ ಏನೂ ಇರುವುದಿಲ್ಲ.