ಸದ್ದಿಗೆ ಬೆಂಚಿನಡಿ ಸೇರುವ ಮಗು
ಮೇಡಂ, ಮಣಿಪುರದಿಂದ ಬಂದು ಬೆಂಗಳೂರಿನ ನಿಮ್ಮ ಮೂರನೇ ಕ್ಲಾಸಿಗೆ ಸೇರಿದ ಹುಡುಗಿ ಪಟಾಕಿ ಸದ್ದಿಗೆ ಬೆಂಚಿನಡಿ ಕೂತುಬಿಡುತ್ತಾಳೆ, ಊರಲ್ಲಿ ಏನಾಯ್ತು ಅಂತ ಕೇಳಬಹುದಾ ಅಂದಿದ್ದೀರಿ. ದಯವಿಟ್ಟು ಕೇಳಬೇಡಿ. ತಾನಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ಸಾಕು. 2023ರ ಮೇ ತಿಂಗಳಲ್ಲಿ ಸಮುದಾಯಗಳ ನಡುವೆ ಹಿಂಸೆ ಶುರುವಾದ ಮೇಲೆ ಅಲ್ಲಿ ಸಾವಿರಾರು ಮಕ್ಕಳು ಮನೆ ಕಳೆದುಕೊಂಡರು. ಯಾವ ಸಮುದಾಯ ಅಂತ ಕ್ಲಾಸಿನಲ್ಲಿ ಕೆದಕುವುದಂತೂ ಬೇಡವೇ ಬೇಡ.

ಅವಳನ್ನು ಹೊರಗೆ ಎಳೆಯಬೇಡಿ. ಪಕ್ಕದಲ್ಲೇ ನೆಲದ ಮೇಲೆ ಕೂತು ಮೆಲ್ಲಗೆ, ‘ಅದು ಪಟಾಕಿ, ನಾನಿಲ್ಲೇ ಇದ್ದೀನಿ’ ಅನ್ನಿ. ಬೆನ್ನಿಗೆ ಗೋಡೆ ಇದ್ದು ಬಾಗಿಲು ಕಾಣುವ ಜಾಗ ಕೊಡಿ. ದಿನದ ಪಾಠ, ಆಟ, ಊಟವನ್ನು ಬೆಳಿಗ್ಗೆಯೇ ಬೋರ್ಡಿನಲ್ಲಿ ಚಿತ್ರ ಬಿಡಿಸಿ ತೋರಿಸಿ. ಮುಂದೇನು ಅಂತ ಗೊತ್ತಿದ್ದರೆ ಭಯ ಎಷ್ಟೋ ಇಳಿಯುತ್ತದೆ, ಅಲ್ವಾ?

ನಿದ್ದೆ, ಊಟ ಕೆಟ್ಟಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ತೋರಿಸಲು ಮನೆಯವರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೂ ಫೋನ್ ಮಾಡಬಹುದು.