ಲೂಕ್ ಕೀಕ್ಲಿ 28ಕ್ಕೇ ಆಟ ಬಿಟ್ಟಿದ್ದು ಯಾಕೆ?

ನಿಮ್ಮ ಮಗ ಹೈಸ್ಕೂಲ್‌ನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಬ್ಯಾಕರ್ ಆಗ್ತೀನಿ ಅಂತಿದ್ದಾನೆ, ಬಾಯಿ ತೆಗೆದರೆ ಲೂಕ್ ಕೀಕ್ಲಿ ಅಂತಾನೆ, ಅಷ್ಟು ದೊಡ್ಡ ಆಟಗಾರ 28ನೇ ವಯಸ್ಸಿಗೇ ಯಾಕೆ ಬಿಟ್ಟ ಅಂತ ಕೇಳಿದ್ದೀರಿ. ಕೀಕ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ತಂಡಕ್ಕೆ ಆಡುತ್ತಿದ್ದಾಗ ನಾನು ಅದೇ ಊರಲ್ಲಿ, ಷಾರ್ಲಟ್‌ನಲ್ಲಿ, ಕೆಲಸದಲ್ಲಿದ್ದೆ. ಅವನ ಆಟ ನೋಡಿಯೇ ನಾನು ಈ ಆಟ ಕಲಿತಿದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆಯಲ್ಲಿ 11 ಜನ. ಮುಂದಿನ ಸಾಲಿನವರು ದೈತ್ಯರು, ಎದುರಿನ ದೈತ್ಯರ ಜೊತೆ ತಳ್ಳಾಟ ಅವರ ಪಾಲು. ತೀರಾ ಹಿಂದಿರುವವರು ದೂರಕ್ಕೆ ಎಸೆಯುವ ಪಾಸ್ ಕಾಯುತ್ತಾರೆ. ಇವರ ನಡುವೆ ನಿಲ್ಲುವವನು ಲೈನ್‌ಬ್ಯಾಕರ್. ಚೆಂಡು ಹಿಡಿದು ನುಗ್ಗುವವನನ್ನು ಕೆಡವಬೇಕು (ಅದಕ್ಕೇ ಟ್ಯಾಕಲ್ ಅನ್ನುವುದು), ಪಾಸ್ ಬಂತು ಅಂದರೆ ಹಿಂದಕ್ಕೂ ಓಡಬೇಕು. ಕಬಡ್ಡಿಯಲ್ಲಿ ರೈಡರ್‌ನ ಕಾಲು ನೋಡಿಯೇ ಯಾವ ಕಡೆ ಬರುತ್ತಾನೆ ಅಂತ ಊಹಿಸುವ ಕವರ್ ಆಟಗಾರರನ್ನು ನೋಡಿರುತ್ತೀರಲ್ವಾ? ಕೀಕ್ಲಿ ಅಂಥವನು.

ಟಿವಿಯಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಡಿಫೆನ್ಸ್‌ನಲ್ಲಿ ಒಬ್ಬನ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುತ್ತದೆ. ಅದರೊಳಗೆ ಪುಟ್ಟ ಸ್ಪೀಕರ್ ಇದೆ ಅಂತ ಅರ್ಥ. ಸಾಮಾನ್ಯವಾಗಿ ನಡುವಿನ ಲೈನ್‌ಬ್ಯಾಕರ್‌ಗೇ ಅದು. ಕೋಚ್ ಹೇಳಿದ್ದನ್ನು ಕೇಳಿಸಿಕೊಂಡು ಉಳಿದ ಹತ್ತು ಜನಕ್ಕೆ ಕೂಗಿ ಹೇಳುವುದು ಅವನ ಕೆಲಸ. ಆದರೆ ಪ್ರತಿ ಸಲ ಆಟ ಶುರುಮಾಡಲು ಕೊಡುವ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ಕಟ್ ಆಗುತ್ತದೆ. ಆಮೇಲೆ ಎದುರಾಳಿಗಳು ಜಾಗ ಬದಲಿಸಿದರೆ ಕೇಳಲು ಯಾರೂ ಇಲ್ಲ. ಕೀಕ್ಲಿಯನ್ನು ನೋಡಬೇಕಾದ್ದೇ ಆಗ. ಒಬ್ಬನನ್ನು ಎಡಕ್ಕೆ ಸರಿಸುತ್ತಾನೆ, ಇನ್ನೊಬ್ಬನ ಬೆನ್ನು ತಟ್ಟಿ ಮುಂದೆ ಕಳಿಸುತ್ತಾನೆ, ಬೆರಳು ಮಾಡಿ ಏನೋ ಕೂಗುತ್ತಾನೆ. ಚೆಂಡು ಅಲ್ಲಿಗೇ ಬರುತ್ತದೆ! ವಾರವೆಲ್ಲ ಎದುರಾಳಿಗಳ ವಿಡಿಯೋ ನೋಡಿ ನೋಡಿ ಬಂದ ವಿದ್ಯೆ ಅದು.

ಹುಟ್ಟಿ ಬೆಳೆದಿದ್ದು ಸಿನ್ಸಿನಾಟಿ, ಓದಿದ್ದು ಬಾಸ್ಟನ್ ಕಾಲೇಜ್. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜ್ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2012ರಲ್ಲಿ, 9ನೆಯವನಾಗಿ ಪ್ಯಾಂಥರ್ಸ್‌ಗೆ ಬಂದ. ಮೊದಲ ವರ್ಷವೇ ಇಡೀ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಟ್ಯಾಕಲ್. 2013ರಲ್ಲಿ, ಇನ್ನೂ 22ರ ಹುಡುಗ, ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ. ಎಂಟು ವರ್ಷ ಆಡಿದ, ಲೀಗ್‌ನ ಶ್ರೇಷ್ಠ ಆಟಗಾರರನ್ನು ಆರಿಸುವ ಪ್ರೋ ಬೌಲ್‌ಗೆ ಏಳು ಸಲ ಆಯ್ಕೆಯಾದ. 2015ರ ಸೀಸನ್‌ನ ಲೀಗ್ ಹಂತದಲ್ಲಿ ತಂಡ 15 ಪಂದ್ಯ ಗೆದ್ದು ಒಂದೇ ಒಂದು ಸೋತಿತ್ತು. ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಮಾತ್ರ ಡೆನ್ವರ್ ಎದುರು 24-10ರಿಂದ ಸೋತರು. ನನಗೆ ಆ ಸೋಲು ಇನ್ನೂ ಚುಚ್ಚುತ್ತದೆ.

ಈಗ ನಿಮ್ಮ ಪ್ರಶ್ನೆ. ತಲೆಗೆ ಪೆಟ್ಟು ಬಿದ್ದು ಮೆದುಳು ಒಳಗೇ ಅಲ್ಲಾಡಿದರೆ ಅದಕ್ಕೆ ಕನ್ಕಷನ್ ಅನ್ನುತ್ತಾರೆ. 2015ರ ಸೆಪ್ಟೆಂಬರ್‌ನಲ್ಲಿ ಕೀಕ್ಲಿ ಐದು ವರ್ಷಕ್ಕೆ ಸುಮಾರು 62 ಮಿಲಿಯನ್ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ. ಅದೇ ವಾರ ಸೀಸನ್‌ನ ಮೊದಲ ಪಂದ್ಯದಲ್ಲೇ ಕನ್ಕಷನ್ ಆಗಿ ಮೂರು ಪಂದ್ಯ ಹೊರಗೆ ಕೂತ.

ಮುಂದಿನ ವರ್ಷದ್ದು ನನ್ನ ಕಣ್ಣಿಂದ ಹೋಗುವುದಿಲ್ಲ. 2016ರ ನವೆಂಬರ್ 17, ಗುರುವಾರ ರಾತ್ರಿ, ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎದುರು. ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆ. ಕೊನೆಯ ಕ್ವಾರ್ಟರ್‌ನಲ್ಲಿ ಒಂದು ಟ್ಯಾಕಲ್, ಬಿದ್ದವನು ಏಳಲಿಲ್ಲ. ಗಾಡಿ ಬಂತು. ಅದರ ಮೇಲೆ ಕೂತ ಕೀಕ್ಲಿ ಅಳುತ್ತಿದ್ದ. ಆರಡಿ ಮೂರಿಂಚಿನ ಆಳು, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ, ಉಸಿರು ಸಿಗದ ಹಾಗೆ. ಪೆಟ್ಟಾದರೆ ಹಲ್ಲು ಕಚ್ಚಿಕೊಂಡು ಎದ್ದು ಹೋಗುವವನನ್ನೇ ನೋಡಿ ಅಭ್ಯಾಸವಾಗಿತ್ತು ನಮಗೆ. ತಟ್ಟೆಯಲ್ಲಿದ್ದ ಅನ್ನ ಹಾಗೇ ಆರಿಹೋಯಿತು. ಆ ಸೀಸನ್ ಅವನು ಮತ್ತೆ ಆಡಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಮತ್ತೊಂದು. ಕುತ್ತಿಗೆಗೆ ಒಂದು ಪಟ್ಟಿ ಹಾಕಿಕೊಂಡು ಆಡುತ್ತಿದ್ದ, ರಕ್ತನಾಳವನ್ನು ಮೆಲ್ಲಗೆ ಒತ್ತಿ ಮೆದುಳು ಜಾಸ್ತಿ ಅಲ್ಲಾಡದಂತೆ ನೋಡಿಕೊಳ್ಳಲಿ ಅಂತ ಮಾಡಿದ್ದು ಅದು.

ಇಲ್ಲಿ ಇನ್ನೊಬ್ಬ ಲೈನ್‌ಬ್ಯಾಕರ್ ಹೆಸರು ಹೇಳಲೇಬೇಕು. ಜೂನಿಯರ್ ಸಿಯಾವ್, 20 ಸೀಸನ್ ಆಡಿದವರು. ಕೀಕ್ಲಿ ಡ್ರಾಫ್ಟ್ ಆದ ಒಂದು ವಾರದೊಳಗೆ, 2012ರ ಮೇ 2ರಂದು, 43ನೇ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡರು. ಆಮೇಲೆ ಮೆದುಳು ಪರೀಕ್ಷಿಸಿದಾಗ ಸಿಟಿಇ ಇತ್ತು, ಪದೇ ಪದೇ ಪೆಟ್ಟು ಬಿದ್ದವರಿಗೆ ಬರುವ ಕಾಯಿಲೆ. ಖಚಿತವಾಗಿ ಗೊತ್ತಾಗುವುದು ಸತ್ತ ಮೇಲೆಯೇ. ಕೀಕ್ಲಿಯ ಕಾಲದ ಹುಡುಗರು ಇದನ್ನೆಲ್ಲ ತಿಳಿದುಕೊಂಡೇ ಮೈದಾನಕ್ಕೆ ಇಳಿದವರು.

2020ರ ಜನವರಿ 14ಕ್ಕೆ ಅವನ ವಿಡಿಯೋ ಬಂತು. ಆಡಬೇಕು ಅಂತ ಆಸೆ ಈಗಲೂ ಇದೆ ಅಂದ. ಆದರೆ ಚಿಕ್ಕವನಿದ್ದಾಗಿನಿಂದ ತನಗೆ ಗೊತ್ತಿರುವುದು ವೇಗವಾಗಿ, ಬಲವಾಗಿ ನುಗ್ಗಿ ಆಡುವುದೊಂದೇ, ಇನ್ನು ಹಾಗೆ ಆಡಬಲ್ಲೆನೋ ಇಲ್ಲವೋ ಗೊತ್ತಿಲ್ಲ ಅಂದ. ಕಣ್ಣು ತುಂಬಿತ್ತು. ಹೆದರಿ ಬಿಟ್ಟ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಿಂದಿನ ಸೀಸನ್ನೂ ಅವನು ಪ್ರೋ ಬೌಲ್ ಆಟಗಾರನೇ. ಅರೆಮನಸ್ಸಿನಿಂದ ಆಡಿದ್ದರೂ ಸಂಬಳ ಬರುತ್ತಿತ್ತು.

ಮಗನನ್ನು ಸೇರಿಸಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯ ತೀರ್ಮಾನ. ಕೋಚ್ ಹತ್ತಿರ ಎರಡು ವಿಷಯ ಮಾತ್ರ ಕೇಳಿ. ವಾರಕ್ಕೆ ಎಷ್ಟು ದಿನ ಪ್ರಾಕ್ಟೀಸ್‌ನಲ್ಲಿ ನಿಜವಾಗಿ ಗುದ್ದಾಡಿಸುತ್ತೀರಿ? ತಲೆಗೆ ಪೆಟ್ಟಾದರೆ ಮತ್ತೆ ಆಡಬಹುದು ಅಂತ ಹೇಳುವವರು ಯಾರು? ಈ ಎರಡನೆಯದಕ್ಕೆ ವಾಷಿಂಗ್ಟನ್ ರಾಜ್ಯ 2009ರಲ್ಲಿ ಕಾನೂನು ತಂದಿತು, 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಬಂತು. ಹಾಗಾಗಿ ಕೇಳಲು ಸಂಕೋಚ ಬೇಡ.

ಒಂದು ಸಂಜೆ ಮಗನ ಜೊತೆ ಕೂತು 2016ರ ಜನವರಿ 17ರ ಸಿಯಾಟಲ್ ಪಂದ್ಯ ಹಾಕಿ. ಮೊದಲ ಐದು ನಿಮಿಷ ಚೆಂಡನ್ನು ಮರೆತು ಕೀಕ್ಲಿಯ 59ನೇ ನಂಬರ್ ಅಂಗಿಯನ್ನಷ್ಟೇ ನೋಡಿ. ಅವನು ಪಾಸ್ ಕಿತ್ತುಕೊಂಡು ಸೀದಾ ಎಂಡ್‌ಝೋನ್‌ಗೆ, ಅಂದರೆ ಅಂಕ ಸಿಗುವ ಮೈದಾನದ ತುದಿಗೆ, ಓಡುವಾಗ ವಿಡಿಯೋ ನಿಲ್ಲಿಸಿ, ಸ್ವಲ್ಪ ಹಿಂದೆ ಹೋಗಿ, ಚೆಂಡು ಹೊರಡುವ ಮೊದಲು ಅವನು ಎಲ್ಲಿ ನಿಂತಿದ್ದ ಅಂತ ಮಗನನ್ನೇ ಕೇಳಿ.